ರೋಮಿನ ಕಾಗೆಗೆ ಇಟ್ಟ ತುತ್ತು

ರೋಮ್ ನೋಡಬೇಕೆಂದು ನಾನು ಯಾವತ್ತೂ ಆಸೆಪಟ್ಟವಳಲ್ಲ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅದನ್ನು ನೋಡಿದೆ, ಅದೂ ಬಿಟ್ಟಿಯಾಗಿ, ಗೈಡಿನ ಸಮೇತ. ನೋಡಿದಷ್ಟು ಹೊತ್ತೂ ಇಲ್ಲಿಂದ ಯಾವಾಗ ಬಿಡುಗಡೆ ಎಂದೇ ಕಾಯುತ್ತಿದ್ದೆ.

ಅಪ್ಪ ತೀರಿಕೊಂಡು ವರ್ಷವಾಗುತ್ತಿತ್ತು. ನಾನು ಒಬ್ಬಳೇ ಮಗಳು. ಕರ್ಮವೆಲ್ಲ ಮುಗಿದ ಮೇಲೆ ಅಮ್ಮನನ್ನು ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ರಮೋನಿನ ನಮ್ಮ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಬಂದಿದ್ದೆ. ಈಗ ವರ್ಷದ ತಿಥಿಗೆ ಅವಳನ್ನು ಊರಿಗೆ ಕರೆದೊಯ್ಯುತ್ತಿದ್ದೆ. ಗಂಡನಿಗೆ ರಜೆ ಸಿಗಲಿಲ್ಲ, ಮಗಳು ಸ್ಕೂಲು ಬಿಟ್ಟು ಬರಲು ಒಪ್ಪಲಿಲ್ಲ, ಹಾಗಾಗಿ ನಾವಿಬ್ಬರೇ. ತಿಥಿ ಮಾಡುವವನು ಚಿಕ್ಕಪ್ಪನ ಮಗ. ನಾವು ಹೋಗಲಿ ಬಿಡಲಿ ಅದು ನಡೆದೇ ನಡೆಯುತ್ತಿತ್ತು. ಆದರೆ ಅಮ್ಮನಿಗೆ ಆ ದಿನ ಅಲ್ಲಿರಲೇಬೇಕಿತ್ತು. ಕಾಗೆ ಮುಟ್ಟುವುದನ್ನು ಅವಳು ತನ್ನ ಕಣ್ಣಿಂದ ನೋಡಬೇಕಿತ್ತು.

ನಮ್ಮಲ್ಲಿ ಹತ್ತನೆಯ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತೆಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ನೆಂಟರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡಬೇಕು: ನಿನ್ನ ಹೆಂಡತಿಯನ್ನು ನೋಡಿಕೊಳ್ಳುತ್ತೇವೆ, ಮನೆ ಮಾರುವುದಿಲ್ಲ, ಹೀಗೆ. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿಯುತ್ತದಂತೆ. ಅಪ್ಪನಿಗೆ ಪಿಂಡ ಇಟ್ಟದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಹೆಂಗಸರು ಹೋಗುವ ಪದ್ಧತಿಯಿಲ್ಲ. ನಾನು ಜಗಳವಾಡಿ ಹೋಗಿದ್ದೆ. ಮರದ ತುಂಬ ಕಾಗೆಗಳಿದ್ದವು. ಚಿಕ್ಕಪ್ಪ ಕೊಡಬಹುದಾದ ಮಾತನ್ನೆಲ್ಲ ಕೊಟ್ಟರು, ಉಳಿಸಿಕೊಳ್ಳಲಾಗದ ಮಾತನ್ನೂ ಕೊಟ್ಟರು. ಒಂದೂ ಇಳಿಯಲಿಲ್ಲ. ಬಿಸಿಲೇರಿತು, ಪುರೋಹಿತರಿಗೆ ಇನ್ನೊಂದು ಮನೆಗೆ ಹೊತ್ತಾಯಿತು. ದರ್ಭೆಯಲ್ಲೊಂದು ಕಾಗೆ ಮಾಡಿ, ಅದರಿಂದ ಪಿಂಡ ಮುಟ್ಟಿಸಿ ಶಾಸ್ತ್ರ ಮುಗಿಸಿದರು. ಮನೆಗೆ ಬಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಷ್ಟು ಸತ್ಯ ಯಾರಿಗೆ ಬೇಕಿತ್ತು ಎಂದು ಅತ್ತೆಯರೆಲ್ಲ ಸೇರಿ ನನ್ನನ್ನು ಬೈದರು.

ಸ್ಯಾನ್ ರಮೋನಿಗೆ ಬಂದ ಮೇಲೂ ಅಮ್ಮ ದಿನಾ ಊಟಕ್ಕೆ ಮೊದಲು ಬಾಲ್ಕನಿಯ ಕಟಕಟೆಯ ಮೇಲೆ ಒಂದು ತುತ್ತು ಅನ್ನ ಇಡುತ್ತಿದ್ದಳು. ಅದನ್ನು ತಿನ್ನುತ್ತಿದ್ದದ್ದು ಅಳಿಲು, ಇಲ್ಲವೆ ಯಾವುದೋ ನೀಲಿ ಹಕ್ಕಿ. ಕಾಗೆಗಳಿಗೇನೂ ಬರವಿರಲಿಲ್ಲ. ಪಾರ್ಕಿಂಗಿನ ದೀಪದ ಕಂಬಗಳ ಮೇಲೆ ಕೂತು ಕೂಗುತ್ತಿದ್ದವು, ಇತ್ತ ತಲೆ ಹಾಕುತ್ತಿರಲಿಲ್ಲ. "ಇವು ಪೂರ್ತಿ ಕಪ್ಪು, ಕಾಡುಕಾಗೆ ಕಣೇ. ಇವಕ್ಕೆ ನಮ್ಮ ಅನ್ನ ಏನು ಗೊತ್ತು," ಎಂದು ಅಮ್ಮ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದು, ಹೀಗೆ ಅನ್ನ ಇಟ್ಟರೆ ಇಲಿ ಸೇರುತ್ತವೆ ಎಂದು ನನಗೆ ಎಚ್ಚರಿಕೆ ಕೊಟ್ಟು ಹೋದ. ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಒಳಗೆ ಹೋದ ಮೇಲೆ ಕಟಕಟೆ ಒರೆಸಿಡುತ್ತಿದ್ದೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಾಗ ತಿಥಿಗೆ ಎರಡು ದಿನ ಮೊದಲೇ ಮೈಸೂರು ಸೇರುವ ಲೆಕ್ಕವಿತ್ತು. ರೋಮಿನಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಇಳಿದರೆ ನಿಲ್ದಾಣದ ಕೆಲಸಗಾರರ ಮುಷ್ಕರ. ಇವತ್ತು ಅಂದರು, ನಾಳೆ ಅಂದರು, ಮತ್ತೆ ನಾಳೆ ಅಂದರು. ನಮ್ಮ ಪಾಸ್‌ಪೋರ್ಟುಗಳನ್ನು ಇಟ್ಟುಕೊಂಡು ಒಂದು ಚೀಟಿ ಕೊಟ್ಟು ಹೋಟೆಲಿಗೆ ಸಾಗಿಸಿದರು. ನಾನು ಕೌಂಟರಿನಲ್ಲಿ ಕೂಗಾಡಿದೆ. ಕೌಂಟರಿನ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಳು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮೈಸೂರಿಗೆ ಫೋನು ಬುಕ್ ಮಾಡಿ ಕಾದೆ, ಲೈನೇ ಸಿಗಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಸ್ಥಿತಿ. ತಿಥಿಯ ದಿನ ಬೆಳಿಗ್ಗೆ ಆ ಹುಡುಗಿಯೇ ಹೋಟೆಲಿಗೆ ಬಂದು, ಇವತ್ತು ಸಂಜೆ ವಿಮಾನ ಖಂಡಿತ, ಅಲ್ಲಿಯವರೆಗೆ ಎಲ್ಲರಿಗೂ ಹಳೆಯ ರೋಮಿನ ಟೂರು, ಖರ್ಚೆಲ್ಲ ನಮ್ಮದೇ ಎಂದಳು.

ನಾನು ಬರುವುದಿಲ್ಲ ಎಂದೆ. ಅಮ್ಮ ಮಾತ್ರ ಸ್ನಾನ ಮಾಡಿ ಸೀರೆ ಉಟ್ಟು ಸಿದ್ಧವಾಗಿದ್ದಳು. ಚೀಲದಲ್ಲಿದ್ದ ಗಟ್ಟಿ ಅವಲಕ್ಕಿಯನ್ನು ಬಚ್ಚಲುಮನೆಯ ಗ್ಲಾಸಿನಲ್ಲಿ ನೆನೆಸಿ, ಕರಿ ಎಳ್ಳು ಬೆರೆಸಿ, ಉಂಡೆ ಕಟ್ಟಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡಿದ್ದಳು.

"ಪಿಂಡ ಅಲ್ಲ, ಗಾಬರಿಯಾಗ್ಬೇಡ. ಪಿಂಡ ಅಲ್ಲಿ ಇಡ್ತಾರೆ. ಇದು ಕಾಗೆಗೆ ಒಂದು ತುತ್ತು ಅಷ್ಟೇ. ಈ ಹೋಟ್ಲಲ್ಲಿ ಕಿಟಕಿನೇ ತೆಗೆಯಕ್ಕಾಗಲ್ಲ. ಹೊರಗೆಲ್ಲಾದ್ರೂ ಇಟ್ಟು, ಅದು ಮುಟ್ಟಿದ ಮೇಲೆ ಊಟ ಮಾಡ್ತೀನಿ."

"ಮುಟ್ಟದೇ ಇದ್ರೆ?"

ಅವಳು ಡಬ್ಬಿಯ ಮುಚ್ಚಳ ಒತ್ತಿ ಕೈಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ನಮ್ಮ ಹಾಗೇ ಸಿಕ್ಕಿಹಾಕಿಕೊಂಡ ಪ್ರಯಾಣಿಕರೇ ತುಂಬಿದ್ದರು. ಗೈಡು ತೆಳ್ಳನೆಯ ವಯಸ್ಸಾದ ಮನುಷ್ಯ. ಮಡಿಸಿದ ಕೆಂಪು ಛತ್ರಿಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಿದ್ದ, ನಾವು ಹಿಂದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಗಾದೆಗೆ ಅವನೇ ಸಾಕ್ಷಿ. ಅಷ್ಟು ದೊಡ್ಡ ಹಾಳು ಪಟ್ಟಣ ತನ್ನದೇ ಎನ್ನುವ ಹಾಗೆ ಇಲ್ಲಿ ಸಭೆ ನಡೆಯುತ್ತಿತ್ತು, ಇಲ್ಲಿ ಅಂಗಡಿಗಳಿದ್ದವು, ಇಲ್ಲಿ ಕನ್ಯೆಯರು ಬೆಂಕಿ ಆರದಂತೆ ಕಾಯುತ್ತಿದ್ದರು ಎಂದು ಹೇಳುತ್ತ ಹೋದ. ಕಂಬಗಳು ನಿಂತಿದ್ದವು, ಅವು ಹೊರಬೇಕಾದ ಮಾಡು ಇರಲಿಲ್ಲ. ಹಂಪೆ ನೋಡಿದವರಿಗೆ ಇದೇನು ಮಹಾ ಎಂದು ನಾನು ಮುಖ ಗಂಟಿಕ್ಕಿಕೊಂಡು ನಡೆದೆ. ಅಮ್ಮ ಕಂಬಗಳನ್ನು ನೋಡಲೇ ಇಲ್ಲ. ಅವಳ ಕಣ್ಣೆಲ್ಲ ಕಂಬಗಳ ತುದಿಯಲ್ಲಿತ್ತು.

"ನೋಡೇ," ಎಂದು ನನ್ನ ತೋಳು ಹಿಡಿದು ನಿಲ್ಲಿಸಿದಳು. "ಬೂದು ಕತ್ತು. ನಮ್ಮೂರ ಕಾಗೆ."

ನಿಜವಾಗಿಯೂ ಹಾಗೇ ಇತ್ತು. ಮೈಯೆಲ್ಲ ಬೂದಿ ಬಣ್ಣ, ತಲೆ ರೆಕ್ಕೆ ಮಾತ್ರ ಕಪ್ಪು. ಮೈಸೂರಿನ ಕಾಗೆಗಿಂತ ಸ್ವಲ್ಪ ದಪ್ಪ. ವರ್ಷದಿಂದ ಅಮ್ಮನ ಮುಖದಲ್ಲಿ ನಾನು ಕಾಣದಿದ್ದ ಒಂದು ಗೆಲುವು ಆಗ ಕಂಡಿತು, ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಗೈಡು ಒಂದು ಮುರುಕು ಗೋಡೆಯ ಮುಂದೆ ನಿಂತ. ತಗಡಿನ ಮಾಡಿನ ಕೆಳಗೆ ಮಣ್ಣಿನ ದಿಬ್ಬ, ಅದರ ಮೇಲೆ ಬಾಡಿದ ಹೂಗಳು. ಸ್ವಂತದವರೇ ಇರಿದು ಕೊಂದ ದೊಡ್ಡ ದಂಡನಾಯಕನೊಬ್ಬನ ಹೆಣವನ್ನು ಊರವರು ಇಲ್ಲಿ ಸುಟ್ಟರಂತೆ. ಅಮ್ಮ ಏನಂತೆ ಎಂದು ಕೇಳಿದಳು. ಹೇಳಿದೆ.

"ಎಷ್ಟು ಕಾಲ ಆಯ್ತಂತೆ?"

"ಎರಡು ಸಾವಿರ ವರ್ಷ."

"ಇನ್ನೂ ಹೂ ತಂದಿಡ್ತಾರಾ?"

ಇಡುತ್ತಾರೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಹೂಗಳನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಆ ಗೋಡೆಯ ಪಕ್ಕದಲ್ಲಿ ಬಿದ್ದಿದ್ದ ಚಪ್ಪಟೆ ಕಲ್ಲಿನ ಮೇಲೆ ಡಬ್ಬಿಯಿಂದ ಉಂಡೆ ತೆಗೆದಿಟ್ಟು ಹಿಂದೆ ಸರಿದು ನಿಂತಳು. ಗುಂಪು ಮುಂದೆ ಹೋಯಿತು. ಗೈಡು ಛತ್ರಿ ಅಲ್ಲಾಡಿಸಿದ. ಒಂದು ನಿಮಿಷ ಎಂದು ನಾನು ಕೈಸನ್ನೆ ಮಾಡಿದೆ.

ಕಾಗೆ ಕಂಬದ ಮೇಲೇ ಇತ್ತು. ನಮ್ಮನ್ನು ನೋಡುತ್ತಿತ್ತು, ಉಂಡೆಯನ್ನೂ ನೋಡುತ್ತಿತ್ತು.

"ಏನಾದ್ರೂ ಮಾತು ಕೊಡೇ," ಎಂದಳು ಅಮ್ಮ.

ಪ್ರವಾಸಿಗಳು ಓಡಾಡುತ್ತಿದ್ದ ಜಾಗದಲ್ಲಿ ನಿಂತು ಕಾಗೆಗೆ ಮಾತು ಕೊಡಲು ನಾಚಿಕೆಯಾಯಿತು. ಆದರೂ ಕೊಟ್ಟೆ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನಪ್ಪ ಎಂದೆ. ಮಗಳಿಗೆ ಕನ್ನಡ ಕಲಿಸುತ್ತೇನೆ ಎಂದೆ. ಅಪ್ಪನಿಗೆ ಆ ಕೊರಗಿತ್ತು. ಮೈಸೂರಿನ ಮನೆಯನ್ನು ಚಿಕ್ಕಪ್ಪನ ಮಗನಿಗೇ ಬಿಟ್ಟುಕೊಡುತ್ತೇನೆ ಎಂದೂ ಹೇಳಿಬಿಟ್ಟೆ. ಕಾಗೆ ಕೊಕ್ಕು ಉಜ್ಜಿಕೊಂಡಿತು, ಅಷ್ಟೆ. ಹೇಳಲು ಇನ್ನೇನೂ ಉಳಿದಿರಲಿಲ್ಲ. ಬಿಸಿಲಿಗೆ ಅಮ್ಮನ ಮುಖ ಬಾಡಿತ್ತು, ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಅಪ್ಪನ ಮೇಲೇ ನನಗೆ ಸಿಟ್ಟು ಬಂತು. ಇನ್ನೇನು ಬೇಕಂತೆ ಇವರಿಗೆ?

ಆಗ ಅಮ್ಮ ಕಂಬದ ಕಡೆ ಮುಖ ಎತ್ತಿ, ಮನೆಯೊಳಗಿನಿಂದ ಹಜಾರಕ್ಕೆ ಮಾತಾಡುವಷ್ಟೇ ದನಿಯಲ್ಲಿ, "ರೀ," ಎಂದಳು. "ಅವಳ ಮೇಲೆ ಸಿಟ್ಟು ಮಾಡ್ಕೋಬೇಡಿ. ಅವಳು ನಿಮ್ಮ ಒಳ್ಳೇದಕ್ಕೇ ಹೇಳಿದ್ದು. ಕೊಡದೇ ಇದ್ದೋಳು ನಾನು."

ನನಗೆ ಅರ್ಥವಾಗಲಿಲ್ಲ. "ಏನಮ್ಮ ಕೊಡಲಿಲ್ಲ?"

"ಕಾಫಿ."

ಅವಳು ಕಾಗೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು. ತೀರಿಕೊಂಡ ದಿನ ಮಧ್ಯಾಹ್ನ ಅಪ್ಪ, ಇವತ್ತೊಂದು ದಿನ ಸಕ್ಕರೆ ಹಾಕಿ ಒಂದು ಲೋಟ ಕಾಫಿ ಕೊಡೇ ಎಂದು ಕೇಳಿದರಂತೆ. ಮಗಳು ಬೇಡ ಅಂದಿದ್ದಾಳೆ ಎಂದು ಅಮ್ಮ ಬರಿ ಕಾಫಿ ಕೊಟ್ಟಳಂತೆ. ಅಪ್ಪ ಎರಡು ಗುಟುಕು ಕುಡಿದು, ಬಾಯಿ ಕಹಿ ಎಂದು ಲೋಟ ಪಕ್ಕಕ್ಕಿಟ್ಟು ಮಲಗಿದರು. ಮತ್ತೆ ಏಳಲಿಲ್ಲ.

ಬೇಡ ಅಂದಿದ್ದು ನಾನೇ, ಹೌದು. ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ರಕ್ತದ ಸಕ್ಕರೆ ಅಳೆಯುವುದೇ ನನ್ನ ಕೆಲಸ. ಅಪ್ಪನ ಸಕ್ಕರೆ ಕಾಯಿಲೆಗೆ ಯಾರಾದರೂ ಅದನ್ನೇ ಹೇಳುತ್ತಿದ್ದರು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹಾಗೆ ಹೇಳಿ ಅಮ್ಮನಿಗೆ ಆಗಬೇಕಾದ್ದೇನು? ಒಂದು ಲೋಟ ಕಾಫಿಯಿಂದ ಅಪ್ಪ ಹೋಗುತ್ತಲೂ ಇರಲಿಲ್ಲ, ಉಳಿಯುತ್ತಲೂ ಇರಲಿಲ್ಲ. ವರ್ಷವಿಡೀ ನನ್ನ ಮನೆಯಲ್ಲೇ ಇದ್ದು ಅವಳು ಈ ಮಾತು ಬಾಯಿ ಬಿಟ್ಟಿರಲಿಲ್ಲ.

ಅಮ್ಮ ಕೈಚೀಲದೊಳಗೆ ತಡಕಾಡಿದಳು. ವಿಮಾನದಲ್ಲಿ ಕೊಟ್ಟ ಸಕ್ಕರೆಯ ಪೊಟ್ಟಣಗಳನ್ನು ಎಲ್ಲ ಅಮ್ಮಂದಿರ ಹಾಗೆ ಅವಳೂ ಎತ್ತಿಟ್ಟುಕೊಂಡಿದ್ದಳು. ಒಂದನ್ನು ಹರಿದು ಉಂಡೆಯ ಮೇಲೆ ಸುರಿದಳು. ಇನ್ನೊಂದನ್ನೂ ಸುರಿದಳು. "ಕುಡೀರಿ, ತಿನ್ನಿ, ಏನಾದ್ರೂ ಮಾಡಿ. ನಾನು ಇನ್ಮೇಲೆ ಬೇಡ ಅನ್ನಲ್ಲ."

ಕಾಗೆ ಇಳಿಯಿತು.

ಅದು ಕಲ್ಲಿನ ತುದಿಯಲ್ಲಿ ಕೂತು, ಓರೆಯಾಗಿ ಎರಡು ಸಲ ಕುಪ್ಪಳಿಸಿ, ಕತ್ತು ಚಾಚಿತು. ಅದೇ ಹೊತ್ತಿಗೆ ಹಿಂದಿನಿಂದ ಬೂಟಿನ ಸದ್ದು. ಗೈಡು ಛತ್ರಿ ಬೀಸಿಕೊಂಡು, ಉಶ್ ಉಶ್ ಎನ್ನುತ್ತ ಓಡಿಬಂದ. ಕಾಗೆ ಹಾರಿಹೋಯಿತು. ಪಾಪ, ಅವನು ಒಳ್ಳೆಯವನೇ. ಮುದುಕಿಯ ಊಟವನ್ನು ಕಾಗೆ ಕದಿಯುತ್ತಿದೆ ಎಂದುಕೊಂಡ. ಉಂಡೆಯನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ, ಮೇಲಿನ ಧೂಳು ಊದಿ, ತಲೆಬಾಗಿ ಅಮ್ಮನ ಕೈಗೇ ಕೊಟ್ಟ.

ಸತ್ತವರಿಗೆ ಇಟ್ಟ ತುತ್ತನ್ನು ಇಟ್ಟವರ ಕೈಗೇ ವಾಪಸು ಕೊಟ್ಟದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅವನನ್ನು ಬೈಯಲು ಬಾಯಿ ತೆರೆದೆ. ಅವನು ನಗುತ್ತಿದ್ದ, ಅಮ್ಮನಿಂದ ಒಂದು ನಗು ಬರಲಿ ಎಂದು ಕಾಯುತ್ತಿದ್ದ. ಏನೆಂದು ಬೈಯಲಿ, ಯಾವ ಭಾಷೆಯಲ್ಲಿ ವಿವರಿಸಲಿ? ಥ್ಯಾಂಕ್ಸ್ ಎಂದೆ.

ಅಮ್ಮ ಉಂಡೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಮುಟ್ಟಿತಾ?"

ನಾನು ನೋಡಿದ್ದು ಕತ್ತು ಚಾಚಿದ್ದನ್ನು, ಆಮೇಲೆ ಕೆಂಪು ಛತ್ರಿಯನ್ನು. ನಡುವೆ ಏನಾಯಿತೋ ಆ ದೇವರಿಗೇ ಗೊತ್ತು.

"ಮುಟ್ಟಿತಮ್ಮ," ಎಂದೆ.

"ನೀನು ನೋಡಿದ್ಯಾ?"

"ನೋಡಿದೆ. ಕೊಕ್ಕು ತಾಗಿತು."

ಅವಳು ಉಂಡೆಯನ್ನು ಮತ್ತೆ ಕಲ್ಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು, "ತಿರುಗಿ ನೋಡ್ಬೇಡ," ಎಂದಳು. ಇಟ್ಟು ಬಂದ ಮೇಲೆ ತಿರುಗಿ ನೋಡಬಾರದು, ಅದೂ ನಮ್ಮ ಪದ್ಧತಿಯೇ. ಬೆನ್ನ ಹಿಂದೆ ಕಾಗೆ ಕೂಗಿದ್ದು ಕೇಳಿಸಿತು. ನೋಡದೆ ನಡೆದೆವು. ಬಸ್ಸಿನಲ್ಲಿ ಅಮ್ಮ ಮನೆಯಿಂದ ಕಟ್ಟಿ ತಂದದ್ದರಲ್ಲಿ ಉಳಿದಿದ್ದ ಒಂದು ಚಪಾತಿ ತಿಂದಳು. ನನಗೆ ಹೊಟ್ಟೆ ತಣ್ಣಗಾಯಿತು.

ಸಂಜೆ ಹೇಳಿದಂತೆ ವಿಮಾನ ಸಿದ್ಧವಾಗಿತ್ತು. ನಿಲ್ದಾಣದಲ್ಲಿ ಕಾಯುವಾಗ ಅಮ್ಮ, ಒಂದು ಕಾಫಿ ತಂದುಕೊಡೇ ಎಂದಳು. ತಂದೆ. ಅವಳೇ ಪೊಟ್ಟಣ ಹರಿದು ಸಕ್ಕರೆ ಹಾಕಿ, ಬಹಳ ಹೊತ್ತು ಕಲಕಿದಳು.

"ಸಕ್ಕರೆ ಕಾಫಿ ಕುಡಿದು ಒಂದು ವರ್ಷ ಆಯ್ತು ಕಣೇ," ಎಂದಳು.

ದಿನಾ ಬೆಳಿಗ್ಗೆ ಫ್ರೀವೇ ತುಂಬುವ ಮೊದಲು ಹೊರಡಬೇಕೆಂದು ನಿಂತೇ ಕಾಫಿ ಕುಡಿದು ಓಡುತ್ತಿದ್ದವಳು ನಾನು. ಪಕ್ಕದಲ್ಲಿ ಕೂತ ಅಮ್ಮ ಏನು ಕುಡಿಯುತ್ತಾಳೆಂದು ಒಂದು ದಿನವೂ ಗಮನಿಸಿರಲಿಲ್ಲ. ಸದ್ಯ, ನನ್ನ ಮಾತು ನಂಬಿದಳಲ್ಲ, ವ್ರತ ಬಿಟ್ಟಳಲ್ಲ ಎಂದು ನನಗೆ ಅಳುವೇ ಬಂತು.

ಅವಳು ಕಪ್ಪನ್ನು ತುಟಿಯವರೆಗೆ ತಂದಳು. ಹಾಗೇ ಹಿಡಿದಿದ್ದು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ನನ್ನ ಕಡೆ ಸರಿಸಿದಳು.

"ನೀನು ಕುಡಿ. ಚೆಲ್ಲಬಾರದು."

ಬೇಡ ಅನ್ನಲು ನನ್ನಿಂದ ಆಗಲಿಲ್ಲ. ತಳದಲ್ಲಿ ಉಳಿದ ಸಕ್ಕರೆಯನ್ನೂ ಬಿಡದೆ ಕುಡಿದೆ. ಅಮ್ಮ ಕೊನೆಯ ಗುಟುಕಿನವರೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಸಿಹಿ ಸಾಕಾಯ್ತಾ?" ಎಂದು ಕಾಗೆಯೊಡನೆ ಮಾತಾಡಿದ ಅದೇ ದನಿಯಲ್ಲಿ ಕೇಳಿದಳು.

ಸಾಕಾಯಿತು ಎಂದೆ. ಆಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಪ್ಪ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ನಾನು ಖಾಲಿ ಕಪ್ಪು ಹಿಡಿದು ಪಕ್ಕದಲ್ಲಿ ಕೂತಿದ್ದೆ.