ಮೆಟ್ಟಿಲ ಮೇಲೆ ಇಡಬೇಕಾಗಿದ್ದ ಕುಂಡ

ಭಾಲ್ಕಿಯ ಕಾಲೇಜೊಂದಕ್ಕೆ ಚರ್ಚಾಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಶಾಲು, ಹಾರದ ಬದಲು ಕುಂಡದಲ್ಲಿ ನೆಟ್ಟ ಒಂದು ಕ್ರೋಟನ್ ಗಿಡ ಕೊಟ್ಟರು. ಈಗ ಎಲ್ಲ ಕಡೆ ಇದೇ ರೂಢಿ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೀದರಿಗೆ ಬಂದೆ. ಕೆಂಪು ಹಳದಿ ಎಲೆಗಳು ದಾರಿಯುದ್ದಕ್ಕೂ ಗಲ್ಲಕ್ಕೆ ತಾಗುತ್ತಿದ್ದವು. ಆ ಎಲೆಗಳ ಬುಡದಲ್ಲಿ ಏನಿದೆ ಎಂದು ಒಂದು ಸಲವೂ ನೋಡಲಿಲ್ಲ.

ಅಲ್ಲಿನ ಮೈಲೂರು ಬಡಾವಣೆಯಲ್ಲಿ ನಾನು ಬಾಡಿಗೆಗಿರುವುದು ಮೇಲಿನ ಕೋಣೆಯಲ್ಲಿ. ಕೆಳಗೆ ಮನೆಯ ಒಡತಿ, ನಿವೃತ್ತ ನರ್ಸ್. ಓಣಿಗೆಲ್ಲ ಅವರು ಸಿಸ್ಟರಮ್ಮ. ಅವರ ಪಡಸಾಲೆಯ ತುಂಬ ಕುಂಡಗಳು, ಕಿಟಕಿಗೆ ಹಬ್ಬಿದ ಒಂದು ಬಳ್ಳಿ. ಮೇಣದಲ್ಲಿ ಮಾಡಿಟ್ಟಂಥ ಹೂ ಬಿಡುವ ಆ ಬಳ್ಳಿ, ಅವರು ಸೇವೆಯ ಬಹುಪಾಲು ಕಳೆದ ಹೆರಿಗೆ ವಾರ್ಡಿನ ಕಿಟಕಿಯಿಂದ ಮುರಿದು ತಂದ ತುಂಡಿನಿಂದ ಬೆಳೆದದ್ದು. ವಾರ್ಡನ್ನು ಕೆಡವಿದ್ದಾರೆ, ತಾಯಿಬಳ್ಳಿಯೂ ಉಳಿದಿಲ್ಲ. ಪ್ರತಿ ವರ್ಷ ಚರ್ಚಿನ ಸುಗ್ಗಿ ಹಬ್ಬಕ್ಕೆ ಉಳಿದವರು ಜೋಳ, ತೊಗರಿ ತಂದಿಡುವ ಜಾಗದ ಪಕ್ಕದಲ್ಲಿ ಸಿಸ್ಟರಮ್ಮನ ಕುಂಡಗಳು ನಿಲ್ಲುತ್ತವೆ, ನಡುವೆ ಈ ಬಳ್ಳಿ. ಅವರ ಕಾಣಿಕೆ ಅದೇ.

ನಾನು ಭಾಲ್ಕಿಗೆ ಹೋಗುವ ಕೆಲವು ದಿನ ಮೊದಲು, ಔರಾದ ಕಡೆಯ ಎಕಂಬಾದಲ್ಲಿರುವ ಅವರ ತಂಗಿ ಬಿದ್ದು ಕಾಲು ಮುರಿದುಕೊಂಡಿದ್ದರು. ಸಿಸ್ಟರಮ್ಮ ಒಂದು ತಿಂಗಳ ಮಟ್ಟಿಗೆ ಹೊರಟು, ಬೀಗದ ಕೈ ಮತ್ತು ಒಂದು ಭೂತಗನ್ನಡಿಯನ್ನು ನನ್ನ ಕೈಗಿಟ್ಟರು.

"ಎಲಿ ಹಿಂದ ನೋಡಬೇಕು. ಮುಂದ ಎಲ್ಲಾ ಛಲೋನೇ ಕಾಣ್ತದ. ಹೊಸಾ ಕುಂಡ ಏನರೆ ಬಂತಂದ್ರ ಮೆಟ್ಟಲ ಮ್ಯಾಲ ಇಡು. ಎರಡ ಐತವಾರ ಆಗೋತನ ಒಳಗ ಬಿಲ್ಕುಲ್ ತರಬ್ಯಾಡ. ಹುಳಾ ಇದ್ರ ಅಷ್ಟರಾಗ ಹೊರಗ ಬೀಳ್ತಾವ."

"ಐತವಾರನ ಯಾಕ್ರಿ? ಮಂಗಳವಾರ ಎಣಿಸಿದ್ರ ಹುಳಕ್ಕ ತಿಳಿತದೇನು?"

"ಚರ್ಚಿನಿಂದ ಬಂದು ನಾ ನೋಡೋದು ಅವತ್ತ, ಅದಕ್ಕ. ನಿನ್ನ ಬಾಯಿ ನೋಡು, ಔರಾದ ಬಸ್ಸಿಗಿಂತ ಜೋರು."

ಕ್ರೋಟನ್ ತಂದ ದಿನ ಅದನ್ನು ಪಡಸಾಲೆಯ ನಟ್ಟನಡುವೆ, ಬಳ್ಳಿಯ ಪಕ್ಕದಲ್ಲೇ ಇಟ್ಟೆ. ಗೌರವಕ್ಕೆ ಸಿಕ್ಕ ಗಿಡ ಮೆಟ್ಟಿಲ ಮೇಲೆ ಯಾಕೆ ಕೂರಬೇಕು? ಸಂಜೆ ಅವರ ಫೋನ್ ಬಂದಾಗ ಕ್ರೋಟನ್ ಬಂದದ್ದನ್ನು ಹೇಳದೆ, ಅವರ ಮೆಟ್ಟಿಲಿನ ನಿಯಮದ ವಿಷಯ ನಾನೇ ತೆಗೆದೆ. ಬಸವಣ್ಣನನ್ನು ನಂಬಿದ ಮನೆಯಲ್ಲಿ ಹುಟ್ಟಿ, ಮೈಲಿಗೆಯ ವಿರುದ್ಧ ಮಾತಾಡಿ ಬಹುಮಾನ ಗೆಲ್ಲುತ್ತಲೇ ಬೆಳೆದವನು ನಾನು. ನನಗೆ ಆ ಮೆಟ್ಟಿಲಲ್ಲಿ ಕಂಡದ್ದೂ ಅದೇ.

"ಇದು ಗಿಡಕ್ಕ ಮೈಲಿಗಿ ಹಚ್ಚಿದಂಗ ಆಯ್ತಲ್ರಿ. ಹೊಸದಾಗಿ ಬಂದವ್ರನ್ನ ಹೊರಗ ಕೂಡಸೋದು. ನರ್ಸ್ ಆದವ್ರು ನೀವಽ ಹಿಂಗಂದ್ರ ಹ್ಯಾಂಗ್ರಿ?"

"ಹೊರಗ ಕೂಡೋದು ಹ್ಯಾಂಗಿರ್ತದಂತ ನನಗ ಹೇಳಿಕೊಡಬ್ಯಾಡಪ. ನಿನಗ ತಿಳಿದಂಗ ಮಾಡು" ಎಂದು ಫೋನ್ ಇಟ್ಟರು.

ತಮ್ಮ ಅಜ್ಜನನ್ನು ಊರ ಬಾವಿಗೆ ಬಿಡುತ್ತಿರಲಿಲ್ಲ ಎಂದು ಅವರೇ ಒಮ್ಮೆ ನನಗೆ ಹೇಳಿದ್ದರು. ಅದು ನೆನಪಿಗೆ ಬರಲಿಲ್ಲ. ಎದುರಾಳಿ ಸುಮ್ಮನಾದರೆ ಅಂಕ ನಮಗೆ. ನನಗೆ ಕಲಿಸಿದ್ದು ಅಷ್ಟು.

ಮೂರನೆಯ ವಾರ ಬಳ್ಳಿಯ ಗೆಣ್ಣುಗಳಲ್ಲಿ ಹತ್ತಿಯ ಎಳೆಯಂಥ ಬಿಳಿ ಚುಕ್ಕೆಗಳು ಕಂಡವು. ಸುಣ್ಣದ ಧೂಳೆಂದುಕೊಂಡು ನೀರು ಚಿಮುಕಿಸಿದೆ. ಕಿಟಕಿಯ ಕೆಳಗೆ ನೆಲ ಅಂಟಂಟಾಯಿತು, ಕುಂಡದ ಮೇಲೆ ಇರುವೆಯ ಸಾಲು ಹತ್ತಿತು. ಆಗ ಭೂತಗನ್ನಡಿ ಹಿಡಿದೆ. ಬಿಳಿ ಚುಕ್ಕೆಗೆ ಕಾಲುಗಳಿದ್ದವು. ಹಿಟ್ಟು ಮೆತ್ತಿದಂಥ ಪುಟ್ಟ ಹುಳುಗಳು ರಸ ಹೀರುತ್ತಿದ್ದವು; ಇರುವೆ ಬಂದಿದ್ದು ಅವು ಸುರಿಸುವ ಸಿಹಿಗೆ. ಕ್ರೋಟನ್ನಿನ ಎಲೆ ತಿರುವಿದೆ. ಹಿಂಬದಿ ಪೂರ್ತಿ ಬೆಳ್ಳಗಿತ್ತು. ಅದನ್ನು ಎತ್ತಿ ಮೇಲೆ ನನ್ನ ಕೋಣೆಗೆ ಒಯ್ದು, ಮಂಚದ ಹಿಂದೆ ಇಟ್ಟೆ.

ಸಿಸ್ಟರಮ್ಮ ಬಂದವರೇ ಚೀಲ ಇಳಿಸುವ ಮೊದಲು ಕಿಟಕಿಗೆ ಹೋದರು.

"ಇದೆಲ್ಲಿಂದ ಬಂತೋ?"

ಆ ಕ್ಷಣಕ್ಕೆ ಬೇಕಾಗಿದ್ದದ್ದು ಒಂದೇ ವಾಕ್ಯ. ನಾನು ಹೇಳಿದ್ದು ಹತ್ತು. "ಗಾಳಿಗಿ ಬರ್ತಾವ್ರಿ, ಇರಿವಿ ಹೊತ್ತು ತರ್ತಾವ. ನೀವು ಹೋಗೂ ಮೊದಲಽ ಒಂದೆರಡು ಇದ್ದವೋ ಏನೋ. ಇಷ್ಟು ಸಣ್ಣವು, ಯಾರ ಕಣ್ಣಿಗಿ ಬೀಳ್ತಾವ?"

ಪ್ರತಿಯೊಂದೂ ಸಾಧ್ಯವಿದ್ದ ಮಾತು. ಆದ್ದರಿಂದಲೇ ಅವರು ನಂಬಿದರು.

ಹುಳು ಹತ್ತಿದ ಬಳ್ಳಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆದರು. ಒಂದು ಗೇಣಿನ ತುದಿ ಉಳಿಯಿತು. ಮರುದಿನದಿಂದ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವುದನ್ನು ಬಹಳ ಸಲ ಕಂಡೆ. ಚರ್ಚಿನ ಹೆಣ್ಣುಮಕ್ಕಳು ಹಬ್ಬಕ್ಕೆ ಕುಂಡ ಕೇಳಲು ಬಂದಾಗ ನಾನು ಮೆಟ್ಟಿಲಲ್ಲಿದ್ದೆ.

"ಈ ವರ್ಷ ಬ್ಯಾಡ್ರವಾ. ಇನ್ನ ಮುಂದನೂ ಬ್ಯಾಡ. ವಾರ್ಡಿನ್ಯಾಗ ಕೂಸಿನ ಮೈಮ್ಯಾಲ ಒಂದು ಗುಳ್ಳಿ ಎದ್ರ ದೂರದಿಂದ ಹೇಳ್ತಿದ್ದೆ. ಈಗ ಕಣ್ಣ ಮುಂದಿನ ಹುಳಾ ಕಾಣಲಿಲ್ಲ. ಹೋದ್ವು ನನ್ನ ಕಣ್ಣು."

ಆ ಹೆಣ್ಣುಮಕ್ಕಳು ಹೋದ ಮೇಲೆ ಕ್ರೋಟನ್ ಕುಂಡವನ್ನು ಮಂಚದ ಹಿಂದಿನಿಂದ ತಂದು, ಬಾಗಿಲ ಹೊರಗೇ ನಿಂತೆ.

"ಹುಳಾ ಬಂದದ್ದು ಇದರಿಂದ್ರಿ. ಒಳಗ ಇಟ್ಟಿದ್ದು ನಾನು. ನಿಮ್ಮ ಕಣ್ಣು ಸರಿ ಅವ."

ಅವರು ಕನ್ನಡಕ ಸರಿಮಾಡಿಕೊಂಡು ಎಲೆ ತಿರುವಿ ನೋಡಿದರು.

"ಗೊತ್ತಾಗಿ ಎಷ್ಟ ದಿನ ಆತು?"

"ನೀವು ಬರೋಕಿಂತ ಮೊದಲಽ ಗೊತ್ತಿತ್ರಿ."

"ಮಾತಿನ್ಯಾಗ ನನ್ನ ಗೆದ್ದಿ, ಆಯ್ತು. ಹುಳಾ ಕೇಳಲಿಲ್ಲ ನೋಡು ನಿನ್ನ ಮಾತು." ನಗಲಿಲ್ಲ. "ಮುದುಕಿ ಕುರುಡಿ ಆದಳಂತ ನಾನಽ ನಂಬೂ ಹಂಗ ಮಾಡಿದಿ."

ಕ್ಷಮೆ ಕೇಳಿದೆ; ಅವರು ಇನ್ನೊಂದು ಎಲೆ ತಿರುವಿದರು. ಹಬ್ಬಕ್ಕೆ ಕುಂಡ ಕಳಿಸಬಹುದಲ್ಲ ಎಂದೆ. "ತತ್ತಿ ಉಳದಿರ್ತಾವ. ಮಂದಿ ಮನಿಗೂ ಹಂಚಲೇನು?" ಎಂದರು. ಆ ವರ್ಷ ಕಾಣಿಕೆ ಹೋಗಲಿಲ್ಲ.

ಈಗ ವಾರಕ್ಕೊಮ್ಮೆ ಸಂಜೆ, ಬಿಸಿಲು ಇಳಿದ ಮೇಲೆ, ಇಬ್ಬರೂ ಕೂರುತ್ತೇವೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಗೆಣ್ಣುಗಳನ್ನು ಒರೆಸಿ, ಸಾಬೂನು ನೀರಿಗೆ ಬೇವಿನೆಣ್ಣೆ ಸೇರಿಸಿ ಎಲೆಗಳ ಹಿಂಬದಿಗೆ ಸಿಂಪಡಿಸುವುದು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ; ಉಳಿದ ತತ್ತಿಗಳು ಒಡೆಯುತ್ತಲೇ ಇರುತ್ತವೆ. ಬಳ್ಳಿಯ ತುದಿ ಹೊಸ ಕುಂಡದಲ್ಲಿ, ಮೆಟ್ಟಿಲ ಮೇಲೆ ಒಂಟಿಯಾಗಿದೆ. ಭೂತಗನ್ನಡಿ ಇನ್ನೂ ನನ್ನ ಕೈಯಲ್ಲೇ ಇದೆ, ಅವರು ವಾಪಸು ಕೇಳಿಲ್ಲ. ಆದರೆ ನಾನು ನೋಡಿ, ಒರೆಸಿ, ಸರಿಯಿದೆ ಎಂದು ಬಿಟ್ಟ ಪ್ರತಿ ಎಲೆಯನ್ನೂ ಅವರು ಮತ್ತೊಮ್ಮೆ ತಿರುವಿ ನೋಡುತ್ತಾರೆ.