ತಾನಾಗಿ ಆರುತ್ತಿದ್ದ ಕಂಪ್ಯೂಟರ್

ಆಗ ರಾಮದುರ್ಗದ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪ ಅದನ್ನು ಪಡಸಾಲೆಯ ಮೂಲೆಯಲ್ಲಿಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ ಟೈಪ್ ಮಾಡಿಕೊಡುತ್ತಿದ್ದ. ಬೇಸಿಗೆ ಸೂಟಿಯಲ್ಲಿ ಗೆಳತಿಯರು ಅದನ್ನು ನೋಡಲೆಂದೇ ಬರುತ್ತಿದ್ದರು. ಅದರ ಮೇಲಿನ ಬಟ್ಟೆ ಸರಿಸಿ ತೋರಿಸುವ ಹಕ್ಕು ನನ್ನದು. ಆರನೆಯ ತರಗತಿ ಮುಗಿಸಿದ್ದ ನನಗೆ ಅದಕ್ಕಿಂತ ದೊಡ್ಡ ಪದವಿ ಬೇಕಿರಲಿಲ್ಲ.

ನಸ್ರೀನ್ ನಮ್ಮಿಂದ ಎರಡು ಮನೆ ಆಚೆಯವಳು, ನನ್ನದೇ ತರಗತಿ. ಅವಳ ಅಬ್ಬಾ ನೀರಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಅವಳ ಲಂಗಕ್ಕೂ ಮೋಟಾರಿನ ತಂತಿಗೆ ಬಳಿಯುವ ವಾರ್ನಿಶ್ ವಾಸನೆ. ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಚೌಕಾಬಾರ ಆಡುತ್ತ, ಅವ್ವ ಹಚ್ಚಿಕೊಟ್ಟ ಚುರುಮುರಿ ತಿನ್ನುತ್ತಿದ್ದೆವು.

ಆ ಸಲದ ಸೂಟಿಯಲ್ಲಿ ಕಂಪ್ಯೂಟರ್ ಇದ್ದಕ್ಕಿದ್ದಂತೆ ಬಂದ್ ಆಗತೊಡಗಿತು. ಮೇಲೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು, ಇದು ಮಾತ್ರ ಸತ್ತುಹೋಗುತ್ತಿತ್ತು. ಹುಬ್ಬಳ್ಳಿಯ ರಿಪೇರಿಯವನು ಎಂಟು ದಿನ ಬಿಟ್ಟು ಬರುತ್ತೇನೆಂದ. ಸುರೇಬಾನದವರ ಲಗ್ನಪತ್ರಿಕೆ ಮರುದಿನ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು. ಟೈಪ್ ಮಾಡಿದ್ದು ಮೂರನೆಯ ಸಲ ಹೋದಾಗ ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ನಸ್ರೀನ್ ಆಟ ಬಿಟ್ಟು ಒಳಗೆ ಬಂದಳು.

"ಕಾಕಾ, ಚಾಲೂ ಮಾಡಿದ ಮ್ಯಾಲ ಎಷ್ಟೊತ್ತಿಗೆ ಬಂದ್ ಆಗತೈತ್ರಿ?"

"ಇಪ್ಪತ್ತು ಮಿನಿಟು ಆಗಿರಬೇಕು."

"ಹೊಳ್ಳಿ ಹಚ್ಚಿದ್ರ?"

ಅಪ್ಪ ನೆನಪು ಮಾಡಿಕೊಂಡ. "ಆವಾಗ ಐದ ಮಿನಿಟಿಗೇ ಹೋಗತೈತಿ ನೋಡು."

ಅವಳು ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಚ್ಚಿಸಿದಳು. ಅದು ಆರಲಿಲ್ಲ. ಯುಪಿಎಸ್ ಬಿಡಿಸಿ ವೈರನ್ನು ನೇರ ಗೋಡೆಗೆ ಕೊಡಿಸಿದಳು. ಆದರೂ ಕಂಪ್ಯೂಟರ್ ಆರಿತು. ಆಗ ಕಂಪ್ಯೂಟರಿನ ಡಬ್ಬಿಯ ಬೆನ್ನಿಗೆ ಅಂಗೈ ಇಟ್ಟು ಹೇಳಿದಳು: "ಕಾದೈತ್ರಿ ಕಾಕಾ. ತಣ್ಣಗಿದ್ದಾಗ ಭಾಳೊತ್ತು ನಡೀತೈತಿ, ಕಾದ ಮ್ಯಾಲ ಲಗೂನ ಬಂದ್ ಆಗತೈತಿ. ಒಳಗ ಗಾಳಿ ಆಡವಲ್ದು."

ಪ್ಲಗ್ ಕಿತ್ತು ಪಕ್ಕದ ಮುಚ್ಚಳ ಬಿಚ್ಚಿದಾಗ ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಒಳಗಿನ ಸಣ್ಣ ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕೂತಿತ್ತು. ನಸ್ರೀನ್ ಬಣ್ಣ ಹಚ್ಚುವ ಬ್ರಷ್ಷಿನಿಂದ ಅದನ್ನು ಬಿಡಿಸಿ ತೆಗೆದಳು. ನನಗೆ ಬಂದದ್ದು ಟಾರ್ಚು ಹಿಡಿಯುವ ಕೆಲಸ. ಮುಚ್ಚಳ ಹಾಕಿ ಚಾಲೂ ಮಾಡಿದರೆ ಒಂದು ತಾಸು ನಡೆಯಿತು, ಎರಡು ತಾಸಾದರೂ ಆರಲಿಲ್ಲ. ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಪತ್ರಿಕೆಯ ಕೆಲಸ ಬೆಳಿಗ್ಗೆಗೆ ಉಳಿಯಿತು.

ಅಪ್ಪ ಅವಳ ತಲೆ ಸವರಿದ. "ಇಂಥಾ ತಲಿ ನಮ್ಮ ಮನ್ಯಾಗ ಹುಟ್ಟಬೇಕಾಗಿತ್ತು."

ಕಂಪ್ಯೂಟರ್ ನಮ್ಮದು, ಅಪ್ಪ ನನ್ನವನು, ಹೊಗಳಿಕೆ ಅವಳಿಗೆ. ಅವ್ವ ಬೇರೆ ನಾಲ್ಕು ಹೋಳಿಗೆ ಕಟ್ಟಿ, ಅವಳ ಮನೆಗೆ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದಳು. ದಾರಿಯಲ್ಲಿ ಒಂದನ್ನು ನಾನೇ ತಿಂದೆ.

ಮರುದಿನ ಅಪ್ಪ ಸ್ನಾನಕ್ಕೆ ಹೋದಾಗ ಡಬ್ಬಿಯ ಹಿಂದಿನ ದಪ್ಪ ವೈರನ್ನು ಅರ್ಧ ಹೊರಗೆಳೆದು ಬಿಟ್ಟೆ, ಟೇಬಲ್ ಅಲುಗಿದರೆ ಸಾಕು ಕರೆಂಟ್ ತಪ್ಪುವಂತೆ. ಅಪ್ಪ ಪತ್ರಿಕೆಯಲ್ಲಿ ಬೀಗರ ಹೆಸರಿನ ತನಕ ಬಂದಿದ್ದ. ಮೊಣಕೈ ತಾಗಿತು. ಪರದೆ ಕಪ್ಪಾಯಿತು.

"ಕರೀ ಆಕಿನ್ನ," ಎಂದ.

ನಾನು ಓಡುತ್ತ ಹೋದೆ. ಅಷ್ಟು ಖುಷಿಯಾಗಿತ್ತು.

"ಏನೇನ ಬಿಚ್ಚಿದ್ದಿ ನಿನ್ನೆ? ಇದ್ದದ್ದೂ ಕೆಡಿಸಿಟ್ಟಿ," ಎಂದು ಅಪ್ಪ ಬೈದ. ನಸ್ರೀನ್ ಡಬ್ಬಿ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ. ಬಗ್ಗಿ ಹಿಂದೆ ನೋಡಿ, ಸಡಿಲ ವೈರು ಹಿಡಿದು, ತಲೆ ಎತ್ತಿ ನನ್ನ ಮುಖ ನೋಡಿದಳು. ಹಿಂದಿನ ದಿನ ಆ ವೈರನ್ನು ಒತ್ತಿ ಹಾಕಿ, ಗಟ್ಟಿ ಕೂತಿತೇ ಎಂದು ಎಳೆದೂ ನೋಡಿದ್ದವಳು ಅವಳು. ಆಗ ಟಾರ್ಚು ಹಿಡಿದಿದ್ದವಳು ನಾನು.

"ನಾನ ಸರಿ ಹಾಕಿರಲಿಲ್ರಿ ಕಾಕಾ. ತಪ್ಪಾತು."

ಪತ್ರಿಕೆ ಸಂಜೆಯ ಬಸ್ಸಿಗೆ ಹೋಯಿತು. ಆಮೇಲೆಯೂ ಅವಳು ಕೆಲವು ದಿನ ಕಟ್ಟೆಗೆ ಆಡಲು ಬಂದಳು, ಆದರೆ ಹೊಸ್ತಿಲು ದಾಟಲಿಲ್ಲ. ಸಾಲೆ ಶುರುವಾದಾಗ ಬೇರೆ ಬೆಂಚಿನಲ್ಲಿ ಕುಳಿತಳು. ನಾನು ಧೈರ್ಯ ಮಾಡಿ ಅಪ್ಪನಿಗೆ ನಿಜ ಹೇಳುವ ಹೊತ್ತಿಗೆ ನಸ್ರೀನಳ ಮನೆಯವರು ಊರು ಬಿಟ್ಟು ಬೈಲಹೊಂಗಲಕ್ಕೆ ಹೋಗಿಯಾಗಿತ್ತು.

ಈಗ ನಾನು ಸವದತ್ತಿ ಕಡೆಯ ಒಂದು ಸಾಲೆಯಲ್ಲಿ ಕಲಿಸುತ್ತೇನೆ. ಹೋದ ವರ್ಷ ಸಾಲೆಯ ಕಂಪ್ಯೂಟರ್ ಹೀಗೇ ಆರತೊಡಗಿತು. ನನಗೆ ಗೊತ್ತಿದ್ದುದನ್ನೆಲ್ಲ ಮಾಡಿ ಸೋತು ಬೈಲಹೊಂಗಲಕ್ಕೆ ಒಯ್ದೆ. ಯಾರೋ ಹೇಳಿದ ಅಂಗಡಿಗೆ ಹೋದರೆ ಒಳಗಿದ್ದವಳು ನಸ್ರೀನ್. ಕರೆಂಟ್ ಹಂಚುವ ಒಳಗಿನ ಪೆಟ್ಟಿಗೆಯೇ ಕೆಟ್ಟಿದೆಯೆಂದು ಹತ್ತು ನಿಮಿಷದಲ್ಲಿ ಕಂಡುಹಿಡಿದಳು. ನನ್ನ ಗುರುತೂ ಹಿಡಿದಳು.

"ಕಾಕಾ ಆರಾಮ ಅದಾರ್ರಿ?"

"ಅದಾನ. ನಸ್ರೀನ್, ಅವತ್ತ ವೈರ್ ಕಿತ್ತಾಕಿ ನಾನ."

"ಗೊತ್ತಿತ್ರಿ," ಎಂದು ನಕ್ಕಳು. "ಕುಂಡ್ರಿ, ಚಾ ತರಸ್ತೇನಿ."

ಅವಳ ಪಕ್ಕದಲ್ಲಿ ನಮ್ಮದೇ ವಯಸ್ಸಿನ ಇನ್ನೊಬ್ಬ ಹೆಂಗಸು ಕುಳಿತಿದ್ದಳು, ಅಂಗಡಿಯಲ್ಲಿ ಪಾಲು ಇದ್ದವಳು. ನಸ್ರೀನ್ ಅವಳ ಬೆನ್ನಿಗೆ ಗುದ್ದಿ, "ಏ ಶಾರಿ, ಆ ಸ್ಕ್ರೂ ಎಲ್ಲಿ ಒಗದೀಯವಾ?" ಎಂದಳು. ಬಿಚ್ಚಿದ ಡಬ್ಬಿಯ ಮೇಲೆ ಇಬ್ಬರೂ ತಲೆಗೆ ತಲೆ ತಾಗಿಸಿ ನಗತೊಡಗಿದರು. ನಾನು ಗಿರಾಕಿಗಳ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಆ ಶಾರಿಯ ಮೇಲೆ ನನಗಾದ ಹೊಟ್ಟೆಕಿಚ್ಚು, ಆ ಬೇಸಿಗೆ ಸೂಟಿಯಲ್ಲಿ ಆದದ್ದಕ್ಕಿಂತ ದೊಡ್ಡದಾಗಿತ್ತು.