ಕೀ ತೆಗೆದರೂ ಆರದ ಟೀವಿ

ಇದು 1996ರ ಮಾತು. ಪಾಂಡವಪುರ ತಾಲೂಕಿನಲ್ಲಿ, ತೊಣ್ಣೂರು ಕೆರೆಗೆ ಹತ್ತಿರದ ನಮ್ಮೂರಿಗೆ ಆಗ ಇದ್ದದ್ದು ಒಂದೇ ಕಾರು, ನನ್ನ ಹಳೆಯ ಅಂಬಾಸಿಡರ್. ಬೇಸಾಯದ ಜೊತೆಗೆ ಅದನ್ನು ಬಾಡಿಗೆಗೆ ಓಡಿಸುತ್ತಿದ್ದೆ. ಮೇಲುಕೋಟೆಗೆ ಹರಕೆ ತೀರಿಸಲು ಹೋಗುವವರು, ನಾಗಮಂಗಲ, ಕೆ.ಆರ್. ಪೇಟೆ ಕಡೆಗೆ ಹೆಣ್ಣು ನೋಡಲು ಹೊರಟವರು, ಯಾರು ಕರೆದರೂ ಹೋಗುತ್ತಿದ್ದೆ. ಊರಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೂ, ಎದೆನೋವು ಬಂದರೂ ಮೊದಲು ತಟ್ಟುವುದು ನಮ್ಮ ಮನೆಯ ಬಾಗಿಲನ್ನೇ. ಅದರಿಂದ ನನಗೆ ಸ್ವಲ್ಪ ಜಂಭವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಊರಿಗೂರೇ ಕ್ರಿಕೆಟ್ ಹುಚ್ಚು ಹಿಡಿದಿತ್ತು. ಆದರೆ ಮ್ಯಾಚು ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿಬಿಡುತ್ತಿತ್ತು. ನನ್ನ ಹತ್ತಿರ ಬ್ಯಾಟರಿಯಲ್ಲೂ ಓಡುವ ಒಂದು ಪುಟ್ಟ ಕಪ್ಪು-ಬಿಳುಪು ಟೀವಿ ಇತ್ತು. ಅದನ್ನು ಕಾರಿಗೆ ಸಿಕ್ಕಿಸಲು ಪಾಂಡವಪುರದಲ್ಲಿ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಬಾಷಾ ಸಾಬರಿಂದ ಸ್ಟೇರಿಂಗಿನ ಪಕ್ಕ ಒಂದು ಸಾಕೆಟ್ಟು ಕೂರಿಸಿಕೊಂಡೆ. ಅವರು ವೈರನ್ನು ಕೀ ಮೂಲಕ ಎಳೆದಿದ್ದರು. ಕೀ ತಿರುಗಿಸಿದರೆ ಮಾತ್ರ ಟೀವಿ, ಕೀ ತೆಗೆದರೆ ಟೀವಿಯೂ ಬಂದ್. ಇಂಜಿನ್ ಓಡದೆ ಬರೀ ಕೀ ಆನ್ ಮಾಡಿಟ್ಟರೆ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಸುಟ್ಟುಹೋಗುವ ಭಯ. ಅಂದರೆ ಮ್ಯಾಚು ಮುಗಿಯುವವರೆಗೂ ಇಂಜಿನ್ ಓಡುತ್ತಲೇ ಇರಬೇಕು. ಅಷ್ಟು ಪೆಟ್ರೋಲು ಯಾರಪ್ಪನ ಮನೆಯಿಂದ ತರುವುದು?

ವಾರದೊಳಗೆ ಮತ್ತೆ ಹೋಗಿ, "ಸಾಬ್ರೇ, ಬ್ಯಾಟರಿಯಿಂದ ಡೈರೆಕ್ಟಾಗಿ ಕೊಟ್ಬುಡಿ" ಅಂದೆ.

"ಬ್ಯಾಡ ಗೌಡ್ರೆ. ಗಾಡಿ ನಿಂತಿದ್ದಂಗೆ ಬ್ಯಾಟರಿ ಖಾಲಿ ಆಯ್ತದೆ. ಆಮೇಲೆ ಜರೂರು ಇದ್ದಾಗ್ಲೇ ಕೈ ಕೊಡ್ತದೆ."

"ನಂಗೊತ್ತಿಲ್ವಾ? ನಾನೇನು ಕಾರಿಗೆ ಹೊಸಬ್ನಾ?"

ಸಾಬರು ಇನ್ನೊಂದು ಸಲ ಬೇಡ ಅಂದರು. ನಾನು ಹಟ ಬಿಡಲಿಲ್ಲ. ಕೊನೆಗೆ ಹೇಳಿದ ಹಾಗೆ ಮಾಡಿಕೊಟ್ಟರು.

ಮುಂದಿನ ಮ್ಯಾಚಿಗೆ ಹಾಲಿನ ಡೈರಿಯ ಮುಂದೆ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಟೀವಿ ಇಟ್ಟೆ. ಅರ್ಧ ಊರು ನೆರೆಯಿತು. ಪಕ್ಕದ ಮನೆಯ ನಿಂಗಣ್ಣನೂ ಬಂದು ಕೂತ. ನನಗಿಂತ ಹತ್ತು ವರ್ಷ ದೊಡ್ಡವನು, ನನಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಆದರೆ ಅವತ್ತು ನಾಲೆ ನೀರಿನ ಸರದಿ ಅವನದು. ಮಧ್ಯಾಹ್ನ ಒಲ್ಲದ ಮನಸ್ಸಿನಿಂದ ಎದ್ದು, ಗುದ್ದಲಿ ಹೆಗಲಿಗೇರಿಸಿ, "ಬಂದ್ಮೇಲೆ ಯಾರ್ ಗೆದ್ರು ಅಂತ ಯೋಳ್ಲಾ ಸಿದ್ದ" ಎಂದು ಗದ್ದೆಯ ಕಡೆ ಹೋದ.

ಸಂಜೆಯ ಹೊತ್ತಿಗೆ ಟೀವಿಯಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗತೊಡಗಿತು. "ಲೇ ಸಿದ್ದ, ಆಟಗಾರ್ರು ಸಣ್ಣಕ್ಕಾಗೋದ್ರು ಕಣ್ಲಾ!" ಎಂದು ಯಾರೋ ಕೂಗಿದರು. "ಅತ್ರ ಬಂದು ಕೂತ್ಕಳ್ರಲಾ" ಅಂದೆ. ಎಲ್ಲರೂ ನಕ್ಕರು. ಬ್ಯಾಟರಿ ಇಳಿಯುತ್ತಿದೆ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಆದರೆ ನಾಲ್ಕೇ ಓವರು ಬಾಕಿ ಇತ್ತು. ಸುಮ್ಮನಿದ್ದೆ.

ಆಗಲೇ ನಿಂಗಣ್ಣನ ಹೆಂಡತಿ ಸಾಕಮ್ಮ ಗದ್ದೆ ಕಡೆಯಿಂದ ಬಾಯಿ ಬಡಿದುಕೊಂಡು ಓಡಿ ಬಂದಳು. "ಸಿದ್ರಾಜೂ, ನಿಮ್ಮಣ್ಣಂಗೆ ಆವು ಕಚ್ಬುಡ್ತು ಕಣಪ್ಪೋ! ಬ್ಯಾಗ ಕಾರು ತಗಿ!" ಅವಳ ಹಿಂದೆಯೇ ಇಬ್ಬರು ನಿಂಗಣ್ಣನನ್ನು ಹೊತ್ತು ತಂದರು. ನೀರು ತಿರುಗಿಸಲು ಕೈಯಲ್ಲಿ ಮಣ್ಣು ಸರಿಸುವಾಗ ಎಡಗೈಯ ಕಿರುಬೆರಳಿಗೆ ಕೊಳಕುಮಂಡಲ ಕಚ್ಚಿತ್ತು. ಕೈ ಆಗಲೇ ಊದಿಕೊಂಡಿತ್ತು.

ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಕೀ ತಿರುಗಿಸಿದೆ. ಟಕ್ ಅಂದಿತು, ಅಷ್ಟೇ. ಇನ್ನೊಂದು ಸಲ, ಮತ್ತೊಂದು ಸಲ. ಬರೀ ಟಕ್ ಟಕ್. ಬಾನೆಟ್ಟಿನ ಮೇಲಿನ ಟೀವಿ ಮಾತ್ರ ಇನ್ನೂ ಉರಿಯುತ್ತಲೇ ಇತ್ತು, ಅಂಗೈಯಗಲದ ಚಿತ್ರದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅದರ ವೈರು ಕಿತ್ತು ಎಸೆದೆ. ಆಗ ನನಗಾದ ನಾಚಿಕೆ, ಹೆದರಿಕೆಯನ್ನು ಹೇಗೆ ಬರೆಯಬೇಕೋ ತಿಳಿಯದು.

ಮ್ಯಾಚು ನೋಡಲು ಬಂದಿದ್ದವರೆಲ್ಲ ಕಾರಿಗೆ ಹೆಗಲು ಕೊಟ್ಟರು. ತಳ್ಳಿದರು, ಗೇರು ಹಾಕಿದೆ, ಮುಗ್ಗರಿಸಿ ನಿಂತಿತು. ಮತ್ತೆ ತಳ್ಳಿದರು, ಮತ್ತೆ ನಿಂತಿತು. ಬೈದವರಿಲ್ಲ. ಅದೇ ನನಗೆ ಇನ್ನೂ ಕಷ್ಟವಾಯಿತು. ಹಿಂದಿನಿಂದ ಸಾಕಮ್ಮ, "ಅತ್ಕತದೆ ಬುಡಪ್ಪ, ಅತ್ಕತದೆ" ಎಂದು ನನಗೇ ಧೈರ್ಯ ಹೇಳುತ್ತಿದ್ದಳು. ಕೊನೆಗೆ ಕೆರೆಯ ಕಡೆಯ ಇಳಿಜಾರಿನವರೆಗೆ ತಳ್ಳಿಕೊಂಡು ಹೋಗಿ ಬಿಟ್ಟಾಗ ಇಂಜಿನ್ ಕೆಮ್ಮುತ್ತಾ ಹತ್ತಿಕೊಂಡಿತು. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಪಾಂಡವಪುರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಮೈಸೂರಿಗೆ ಕರೆದುಕೊಂಡು ಹೋಗಿ ಅಂದರು. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಸಾಕಮ್ಮ ರಂಗನಾಥನನ್ನು ಕೂಗಿ ಕರೆದದ್ದು ಈಗಲೂ ಕಿವಿಯಲ್ಲಿದೆ. ದಾರಿಯಲ್ಲೆಲ್ಲೂ ನಾನು ಇಂಜಿನ್ ನಿಲ್ಲಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಇಳಿಸಿಕೊಂಡ ಮೇಲೆಯೇ ಕೀ ತೆಗೆದದ್ದು.

ನಿಂಗಣ್ಣ ಬದುಕಿದ. ಕಿರುಬೆರಳು ಉಳಿಯಲಿಲ್ಲ. ಅರ್ಧ ಗಂಟೆ ಮೊದಲೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ. ಬೇಗ ಬಂದಷ್ಟೂ ಒಳ್ಳೇದು" ಅಂದರು. ಆ ಉತ್ತರದಿಂದ ನನಗೆ ಇವತ್ತಿಗೂ ಬಿಡುಗಡೆ ಸಿಕ್ಕಿಲ್ಲ.

ವಾರ್ಡಿನಲ್ಲಿ ನನ್ನನ್ನು ನೋಡಿದ ಕೂಡಲೇ ನಿಂಗಣ್ಣ ಕೇಳಿದ್ದು, "ಯಾರ್ ಗೆದ್ರಲಾ?" ನನಗೆ ಗೊತ್ತಿರಲಿಲ್ಲ. ಅವನ ಮಂಚದ ಪಕ್ಕ ಕೂತು ಮಗುವಿನ ಹಾಗೆ ಅತ್ತುಬಿಟ್ಟೆ.

ಅವನು ಊರಿಗೆ ಬಂದು ಸ್ವಲ್ಪ ದಿನಕ್ಕೆ ಸಾಬರ ಅಂಗಡಿಗೆ ಹೊರಟೆ. ನಿಂಗಣ್ಣ, "ನಾನೂ ಬತ್ತೀನಿ" ಎಂದು ಕಾರು ಹತ್ತಿದ. ಸಾಕೆಟ್ಟಿನ ವೈರನ್ನು ಮತ್ತೆ ಕೀಗೆ ಕೊಡಿ ಅಂದಾಗ ಸಾಬರು ಆಶ್ಚರ್ಯದಿಂದ, "ಯಾಕೆ ಗೌಡ್ರೆ, ಏನಾಯ್ತು?" ಅಂದರು. ಹೇಳದೆ ಬಿಡುವಂತೆಯೂ ಇಲ್ಲ, ಹೇಳಲು ಬಾಯಿಯೂ ಬರಲಿಲ್ಲ.

ನಿಂಗಣ್ಣ ಎಡಗೈಯನ್ನು ಟವಲ್ಲಿನೊಳಗೆ ಸೇರಿಸಿಕೊಂಡು ನಗುತ್ತಾ ಮುಂದೆ ಬಂದ. "ಏನಿಲ್ಲ ಸಾಬ್ರೆ. ಇವ್ನು ಮ್ಯಾಚ್ ನೋಡ್ಕಂಡು ಕುಂತ್ರೆ ಮನೆ ಕೆಲ್ಸ ಮಾಡಕಿಲ್ಲ. ಅದಕ್ಕೆ ಇವ್ನ ಎಂಡ್ರು ಬಯ್ತಾವ್ಳೆ!"

ಸಾಬರೂ ನಕ್ಕು ಕೆಲಸಕ್ಕೆ ಕೈ ಹಾಕಿದರು. ಮುಗಿದ ಮೇಲೆ ಸಾಕೆಟ್ಟಿಗೆ ಸಣ್ಣ ಬಲ್ಬು ಹಿಡಿದು, "ಕೀ ತಗೀರಿ" ಅಂದರು. ತೆಗೆದೆ. ಬಲ್ಬು ಆರಿತು. "ಈಗ ಸರಿಯಾಯ್ತು ಬುಡು" ಅಂದ ನಿಂಗಣ್ಣ.

ಆಮೇಲೆ ಎಷ್ಟೋ ಸಲ ತಪ್ಪಾಯಿತು ಅಣ್ಣ ಎನ್ನಲು ಹೋದೆ. ಪ್ರತಿ ಸಲವೂ ಅವನು ಮಳೆಯ ಮಾತೋ ಬೆಳೆಯ ಮಾತೋ ತೆಗೆದು ನನ್ನ ಬಾಯಿ ಮುಚ್ಚಿಸುತ್ತಿದ್ದ. ಈಗ ನಿಂಗಣ್ಣನೂ ಇಲ್ಲ, ಸಾಬರೂ ಇಲ್ಲ. ಅಂಬಾಸಿಡರ್ ಮಾತ್ರ ಇನ್ನೂ ಇದೆ. ಮೊನ್ನೆ ಮಗಳು ಅದೇ ಸಾಕೆಟ್ಟಿಗೆ ಫೋನ್ ಸಿಕ್ಕಿಸಿ, "ಅಪ್ಪ, ಕೀ ತೆಗೆದರೆ ಫೋನ್ ಚಾರ್ಜಾಗೋದೂ ನಿಂತೋಗುತ್ತೆ, ಈ ಕಾರಿನಲ್ಲಿ ಏನೋ ಫಾಲ್ಟ್ ಇದೆ" ಅಂದಳು. ಫಾಲ್ಟ್ ಅಲ್ಲಮ್ಮ, ಅದು ಹಾಗೇ ಇರಬೇಕು ಅಂದೆ. ಯಾಕೆ ಅಂದಳು. ಅವತ್ತು ಸಾಬರು ಕೇಳಿದ್ದೂ ಇದೇ ಪ್ರಶ್ನೆ. ಈ ಸಲ ನನ್ನ ಬದಲು ಸುಳ್ಳು ಹೇಳಲು ನಿಂಗಣ್ಣ ಇರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.